ಕಾಡಿನಿಂದ ಮರಳಿದ ಮೇಲೆ ಮೈಯಲ್ಲಿ ಉಣ್ಣೆ ಹುಡುಕುವ ಬಗೆ

ಜಗಳೂರು ತಾಲ್ಲೂಕಿನ ಕುರುಚಲು ಕಾಡಿನ ಅಂಚಿನಲ್ಲಿ ಕುರಿ ಮೇಯಿಸುವ ಹಿರಿಯರೊಬ್ಬರು ಸಂಜೆ ಹಟ್ಟಿಗೆ ಬಂದ ಮೇಲೆ ತಮ್ಮ ಕುರಿಗಳ ಮೈ ನೋಡುವುದನ್ನು ನಾನು ಪಕ್ಕದಲ್ಲೇ ಕುಳಿತು ಗಮನಿಸಿದ್ದೇನೆ. ಅವರು ಕುರಿಯನ್ನು ತಲೆಯಿಂದ ಬಾಲದವರೆಗೆ ಕಣ್ಣಾಡಿಸಿ ನೋಡುವವರಲ್ಲ. ಅವರ ಬೆರಳುಗಳು ನೇರವಾಗಿ ಕಿವಿಯ ಒಳಮಡಿಕೆಗೆ ಹೋಗುತ್ತವೆ, ಅಲ್ಲಿಂದ ಮುಂಗಾಲಿನ ಸಂದಿಗೆ, ಕೆಚ್ಚಲಿನ ಪಕ್ಕಕ್ಕೆ, ಬಾಲದ ಬುಡಕ್ಕೆ, ಕಡೆಗೆ ಗೊರಸಿನ ಸೀಳಿಗೆ. ಹೊತ್ತು ಮುಳುಗಿ ಕತ್ತಲಾದರೂ ಅವರ ಕೆಲಸ ನಿಲ್ಲುವುದಿಲ್ಲ, ಏಕೆಂದರೆ ಹುಡುಕುವುದೆಲ್ಲ ಬೆರಳ ತುದಿಯಲ್ಲೇ. ಸಿಕ್ಕ ಉಣ್ಣೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿರುವ ಮುಳ್ಳು ತೆಗೆಯುವ ಚಿಮಟದಿಂದ ಕಿತ್ತು, ತಳದಲ್ಲಿ ಸ್ವಲ್ಪ ಸೀಮೆಎಣ್ಣೆ ಇರುವ ಡಬ್ಬಿಗೆ ಹಾಕುತ್ತಾರೆ. ಅದೇ ಹುಲ್ಲಿನಲ್ಲಿ ದಿನವಿಡೀ ಓಡಾಡಿದ ನಿಮ್ಮ ಮೈಯನ್ನು ನೋಡಿಕೊಳ್ಳುವುದಿಲ್ಲವೇ ಎಂದು ಕೇಳಿದೆ. ‘ನಮಗೇನಾಗ್ತೈತಿ ಬಿಡ್ರಿ’ ಎಂದು ನಕ್ಕರು.

ನಮ್ಮ ಸೀಮೆಯಲ್ಲಿ ಕುರಿಯ ತುಪ್ಪಟಕ್ಕೂ ಉಣ್ಣೆ ಎನ್ನುತ್ತಾರೆ, ಆ ತುಪ್ಪಟದ ಮರೆಯಲ್ಲಿ ರಕ್ತ ಹೀರುವ ಜೀವಿಗೂ ಉಣ್ಣೆ ಎನ್ನುತ್ತಾರೆ. ಮಲೆನಾಡಿನವರು ಇದನ್ನೇ ಉಣುಗು ಎಂದು ಕರೆಯುತ್ತಾರೆ. ಕೆಚ್ಚಲಿನ ಉಣ್ಣೆಗೆ ಹಾಲಿನ ರುಚಿ ತಿಳಿಯದು ಎಂಬ ಮಾತನ್ನು ಕೇಳಿ ಬೆಳೆದ ನಮಗೆ ಉಣ್ಣೆ ಎಂದೊಡನೆ ಕಣ್ಣ ಮುಂದೆ ಬರುವುದು ದನದ ಮೈಯಲ್ಲಿ ಊದಿಕೊಂಡು ತೂಗಾಡುವ, ಹರಳು ಬೀಜದಷ್ಟು ದಪ್ಪನೆಯ ಬೂದು ಗುಳ್ಳೆ. (ಹರಳು ಗಿಡದ ಶಾಸ್ತ್ರೀಯ ಹೆಸರಿನಲ್ಲಿರುವ ‘ರಿಸಿನಸ್’ ಎಂಬ ಲ್ಯಾಟಿನ್ ಪದಕ್ಕೂ ಉಣ್ಣೆ ಎಂದೇ ಅರ್ಥ, ಬೀಜವನ್ನು ಕಂಡ ರೋಮನ್ನರಿಗೂ ನಮ್ಮಂತೆಯೇ ಅನ್ನಿಸಿರಬೇಕು.) ಹೀಗೆ ದನದ ಉಣ್ಣೆಯ ಪರಿಚಯ ಚೆನ್ನಾಗಿರುವುದೇ ಇಲ್ಲಿ ತೊಡಕಾಗುತ್ತದೆ. ಮನುಷ್ಯನ ಮೈಗೆ ಹತ್ತುವ ಉಣ್ಣೆ ಬಹುಪಾಲು ಆ ಗಾತ್ರದ್ದಾಗಿರುವುದಿಲ್ಲ, ದೊಡ್ಡದನ್ನು ಹುಡುಕುವ ಕಣ್ಣಿಗೆ ಚಿಕ್ಕದು ಬೀಳುವುದೂ ಇಲ್ಲ.

ಉಣ್ಣೆ ಕೀಟವಲ್ಲ, ಜೇಡ, ಚೇಳು, ನುಸಿಗಳ ಬಳಗಕ್ಕೆ ಸೇರಿದ್ದು. ಮೊಟ್ಟೆಯಿಂದ ಹೊರಬಂದ ಮರಿಗೆ ಆರು ಕಾಲುಗಳಿರುತ್ತವೆ, ಗಾತ್ರ ಗಸಗಸೆಗಿಂತ ಚಿಕ್ಕದು. ಅದು ಒಮ್ಮೆ ರಕ್ತ ಕುಡಿದು, ಪೊರೆ ಕಳಚಿ, ಎಂಟು ಕಾಲಿನ ‘ನಿಂಫ್’ ಆಗುತ್ತದೆ, ಆಗ ಅದರ ಗಾತ್ರ ಹೆಚ್ಚೆಂದರೆ ಒಂದು ರಾಗಿ ಕಾಳಿನಷ್ಟು. ನಿಂಫ್ ಮತ್ತೊಮ್ಮೆ ರಕ್ತ ಕುಡಿದು ಬೆಳೆದ ಉಣ್ಣೆಯಾಗುತ್ತದೆ, ಹಸಿದಿರುವಾಗ ಅದು ಎಳ್ಳಿನಷ್ಟಿರುತ್ತದೆ. ಹೊಟ್ಟೆ ತುಂಬಿದ ಹೆಣ್ಣು ಮಾತ್ರ ಹರಳು ಬೀಜದ ಗಾತ್ರಕ್ಕೆ ಊದಿ, ನೆಲಕ್ಕೆ ಉದುರಿ, ತರಗೆಲೆಗಳ ಅಡಿಯಲ್ಲಿ ಸಾವಿರಾರು ಮೊಟ್ಟೆಗಳನ್ನಿಟ್ಟು ಸಾಯುತ್ತದೆ. ಪಶ್ಚಿಮ ಘಟ್ಟದ ಸೆರಗಿನಲ್ಲಿ ಮಂಗನ ಕಾಯಿಲೆ ಎಂಬ ವೈರಸ್ ಜ್ವರವನ್ನು ಮುಖ್ಯವಾಗಿ ಹರಡುವ ಹೆಮಾಫಿಸಾಲಿಸ್ ಸ್ಪೈನಿಜೆರಾ ಎಂಬ ಜಾತಿಯಲ್ಲಿ ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಈ ನಿಂಫ್. ಮಳೆ ಮುಗಿದ ಮೇಲೆ ಮರಿಗಳು, ಚಳಿಗಾಲದಿಂದ ಬೇಸಿಗೆಯವರೆಗೆ ನಿಂಫ್‌ಗಳು ಎಂಬ ಸರದಿ ಅವುಗಳದು, ನಾವು ಬೆಟ್ಟ ಹತ್ತಲು, ಜಾತ್ರೆಗೆ, ಜಲಪಾತಕ್ಕೆ ಹೊರಡುವುದೂ ಅದೇ ತಿಂಗಳುಗಳಲ್ಲಿ. ಆದ್ದರಿಂದ ನವೆಂಬರ್‌ನಿಂದ ಮೇವರೆಗೆ ಕಾಡು ಸುತ್ತಿ ಬಂದವರು ಹುಡುಕಬೇಕಾದದ್ದು ರಾಗಿ ಕಾಳನ್ನು ಎಂಬುದನ್ನು ಮೊದಲು ಮನಸ್ಸಿಗೆ ತಂದುಕೊಳ್ಳಬೇಕು.

ಉಣ್ಣೆ ಹಾರುವುದಿಲ್ಲ, ಜಿಗಿಯುವುದಿಲ್ಲ, ಮರದ ಮೇಲಿಂದ ಗುರಿಯಿಟ್ಟು ತಲೆಯ ಮೇಲೆ ಬೀಳುವುದೂ ಇಲ್ಲ. ಅದು ಹುಲ್ಲಿನ ತುದಿಗೋ ಪೊದೆಯ ಎಲೆಯಂಚಿಗೋ ಏರಿ, ಹಿಂಗಾಲುಗಳಲ್ಲಿ ಹಿಡಿದು ನಿಂತು, ಮುಂಗಾಲುಗಳನ್ನು ಗಾಳಿಯಲ್ಲಿ ಚಾಚಿಕೊಂಡು ಕಾಯುತ್ತದೆ. ಆ ಮುಂಗಾಲುಗಳ ತುದಿಯಲ್ಲಿ ಹ್ಯಾಲರ್ ಅಂಗ ಎಂಬ ಸಣ್ಣ ಕುಳಿಯಿದ್ದು, ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡ್, ಮೈಯ ಶಾಖ, ಬೆವರಿನ ವಾಸನೆ ಇವೆಲ್ಲವನ್ನೂ ಅದು ಗುರುತಿಸುತ್ತದೆ. ದನವೋ ನಾಯಿಯೋ ಮನುಷ್ಯನೋ ತಾಗಿಕೊಂಡು ಹೋದ ಕ್ಷಣದಲ್ಲಿ ಹುಲ್ಲನ್ನು ಬಿಟ್ಟು ಬಟ್ಟೆಯನ್ನು ಹಿಡಿಯುತ್ತದೆ. ಹಾಗಾಗಿ ಅದು ಹತ್ತುವುದು ಪಾದ, ಮೀನಖಂಡ, ಮೊಣಕಾಲಿನ ಮಟ್ಟದಲ್ಲಿ. ಅಲ್ಲಿಂದ ಮೇಲಕ್ಕೆ ತೆವಳುತ್ತ, ಚರ್ಮ ತೆಳುವಾಗಿ, ಬೆಚ್ಚಗೆ, ತೇವವಾಗಿ ಇರುವ ಜಾಗವನ್ನೋ, ಬಟ್ಟೆ ಬಿಗಿಯಾಗಿ ಕೂತು ಮುಂದಕ್ಕೆ ದಾರಿಯಿಲ್ಲದ ಜಾಗವನ್ನೋ ತಲುಪಿ ನಿಲ್ಲುತ್ತದೆ. ಈ ತೆವಳಾಟಕ್ಕೆ ಕೆಲವೊಮ್ಮೆ ಗಂಟೆಗಟ್ಟಲೆ ಹಿಡಿಯುತ್ತದೆ. ಹುಡುಕುವವನಿಗೆ ಇರುವ ಅವಕಾಶವೆಂದರೆ ಈ ಗಂಟೆಗಳೇ.

ಕಚ್ಚಿದ್ದು ಗೊತ್ತಾಗುವುದಿಲ್ಲವೇ ಎಂದು ಅನೇಕರು ಕೇಳುತ್ತಾರೆ. ಇರುವೆ ಕಚ್ಚಿದರೆ, ಸೊಳ್ಳೆ ಚುಚ್ಚಿದರೆ ಕೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಉಣ್ಣೆಯ ಕೆಲಸ ಬೇರೆ ಬಗೆಯದು, ಅದು ದಿನಗಟ್ಟಲೆ ಒಂದೇ ಕಡೆ ಕೂತು ಉಣ್ಣಬೇಕಾದ ಜೀವಿ. ಆದ್ದರಿಂದ ಅದರ ಜೊಲ್ಲಿನಲ್ಲಿ ನೋವನ್ನು ಮರೆಸುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ, ಊತ ಬಾರದಂತೆ ನೋಡಿಕೊಳ್ಳುವ ವಸ್ತುಗಳಿರುತ್ತವೆ. ಚರ್ಮವನ್ನು ಸೀಳಿ ಒಳಗಿಳಿಸುವ ಮೂತಿಯ ಮೇಲೆ ಹಿಮ್ಮುಖವಾದ ಮುಳ್ಳುಗಳ ಸಾಲಿದ್ದು, ಅನೇಕ ಜಾತಿಗಳು ಅದರ ಸುತ್ತ ಗಾರೆಯಂತೆ ಗಟ್ಟಿಯಾಗುವ ಅಂಟನ್ನೂ ಸುರಿಸುತ್ತವೆ. ನೋವಾದಾಗ ನೋಡಿಕೊಂಡರಾಯಿತು ಎಂದು ಕುಳಿತವರಿಗೆ ನೋವು ಬರುವುದೇ ಇಲ್ಲ.

ಇನ್ನು ಹುಡುಕುವ ಕ್ರಮ. ಇದು ಮನೆಯಲ್ಲಿ ಶುರುವಾಗುವ ಕೆಲಸವಲ್ಲ, ಕಾಡು ಮುಗಿದು ಡಾಂಬರು ರಸ್ತೆ ಸಿಕ್ಕ ಕಡೆಯೇ ಮೊದಲ ಸುತ್ತು ಆಗಬೇಕು. ಜೋಗಿಮಟ್ಟಿಯಿಂದ ಇಳಿದವರಾಗಲಿ, ಕೊಂಡಜ್ಜಿಯ ಗುಡ್ಡ ಸುತ್ತಿದವರಾಗಲಿ, 2011ರಲ್ಲಿ ಕೊಂಡುಕುರಿಗಳಿಗಾಗಿ ವನ್ಯಧಾಮವೆಂದು ಘೋಷಿತವಾದ ರಂಗಯ್ಯನದುರ್ಗದ ಅಂಚಿನಲ್ಲಿ ನಡೆದವರಾಗಲಿ, ಬೈಕೋ ಕಾರೋ ಹತ್ತುವ ಮೊದಲು ಬಯಲು ನೆಲದಲ್ಲಿ ನಿಂತು ಪ್ಯಾಂಟಿನ ಕೆಳ ಅಂಚು, ಸಾಕ್ಸಿನ ಮೇಲಂಚು, ಶೂಗಳ ನಾಲಿಗೆ ಇವುಗಳನ್ನು ಕೈಯಿಂದ ಒರೆಸಿ ನೋಡಬೇಕು. ಉತ್ತರಾಣಿ ಕಾಳುಗಳನ್ನು ಬಿಡಿಸಿಕೊಳ್ಳಲು ಹೇಗೂ ಅಲ್ಲಿ ನಿಂತಿರುತ್ತೇವೆ, ಅದರ ಜೊತೆಗೇ ಈ ಕೆಲಸವೂ ಮುಗಿಯುತ್ತದೆ. ತಿಳಿ ಬಣ್ಣದ ಪ್ಯಾಂಟು ತೊಟ್ಟು, ಅದರ ಅಂಚನ್ನು ಸಾಕ್ಸಿನೊಳಗೆ ಸಿಕ್ಕಿಸಿದ್ದರೆ ಹುಡುಕುವುದು ಸುಲಭ, ಉಣ್ಣೆ ಬಟ್ಟೆಯ ಹೊರಮೈಯಲ್ಲೇ ಉಳಿಯುತ್ತದೆ. ಫೋಟೋದಲ್ಲಿ ಆ ವೇಷ ಚೆನ್ನಾಗಿ ಕಾಣುವುದಿಲ್ಲ ಎಂಬುದನ್ನು ಒಪ್ಪುತ್ತೇನೆ. ಗಸಗಸೆ ಚೆಲ್ಲಿದಂತೆ ಮರಿಗಳು ಗುಂಪಾಗಿ ಬಟ್ಟೆಗೆ ಹತ್ತಿದ್ದರೆ ಒಂದೊಂದನ್ನೇ ಆರಿಸುತ್ತ ಕೂರುವ ಬದಲು ಅಗಲವಾದ ಅಂಟುಪಟ್ಟಿಯನ್ನು ಒತ್ತಿ ಎತ್ತಿದರೆ ಅಷ್ಟೂ ಬರುತ್ತವೆ.

ಮನೆ ತಲುಪಿದ ಮೇಲೆ ಸೋಫಾದ ಮೇಲೆ, ಹಾಸಿಗೆಯ ಮೇಲೆ ಕೂರಬಾರದು. ನೇರವಾಗಿ ಹಿತ್ತಲಿಗೋ ಬಚ್ಚಲುಮನೆಗೋ ಹೋಗಿ ಬಟ್ಟೆಗಳನ್ನೆಲ್ಲ ಕಳಚಿ ಬಕೆಟ್ಟಿಗೆ ಹಾಕಿ ಕುದಿಯುವ ನೀರು ಸುರಿಯಬೇಕು. ತಣ್ಣೀರಿನಲ್ಲಿ, ಉಗುರುಬೆಚ್ಚಗಿನ ನೀರಿನಲ್ಲಿ ಒಗೆದರೆ ಉಣ್ಣೆ ಸಾಯುವುದಿಲ್ಲ. ಆಮೇಲೆ ಸ್ನಾನ. ಕಾಡಿನಿಂದ ಬಂದ ಎರಡು ಗಂಟೆಗಳೊಳಗೆ ಸ್ನಾನ ಮಾಡುವುದರಿಂದ, ಇನ್ನೂ ಕಚ್ಚದೆ ಮೈಮೇಲೆ ಅಲೆಯುತ್ತಿರುವ ಉಣ್ಣೆಗಳು ತೊಳೆದುಹೋಗುತ್ತವೆ, ಮೈ ತಡವಿ ನೋಡಲು ಒಳ್ಳೆಯ ಸಂದರ್ಭವೂ ಒದಗುತ್ತದೆ. ಕಚ್ಚಿ ಕೂತಿರುವುದು ಮಾತ್ರ ಎಷ್ಟು ಸೋಪು ಉಜ್ಜಿದರೂ ಹೋಗುವುದಿಲ್ಲ, ಅದನ್ನು ಹುಡುಕಿಯೇ ತೆಗೆಯಬೇಕು.

ಹುಡುಕುವಾಗ ಆ ಕುರಿಗಾಹಿಯ ಕ್ರಮವನ್ನೇ ನಮ್ಮ ಮೈಗೆ ಅನ್ವಯಿಸಿಕೊಳ್ಳಬಹುದು. ಕಾಲ್ಬೆರಳ ಸಂದಿ, ಹರಡು, ಮೊಣಕಾಲಿನ ಹಿಂಭಾಗ, ತೊಡೆಸಂದು ಮತ್ತು ಗುಪ್ತಾಂಗದ ಸುತ್ತ, ಪೃಷ್ಠದ ಸಂದಿ, ಸೊಂಟ, ಹೊಕ್ಕುಳ ಒಳಗೆ, ಹೆಂಗಸರಾದರೆ ಸ್ತನದ ಕೆಳಗೆ, ಕಂಕುಳು, ಕತ್ತಿನ ಹಿಂದೆ ಕೂದಲು ಶುರುವಾಗುವ ಗೆರೆ, ಕಿವಿಯ ಹಿಂದೆ ಮತ್ತು ಒಳಗೆ, ತಲೆಬುರುಡೆ. ಒದ್ದೆ ಕೈಯ ಬೆರಳುಗಳನ್ನು ಒತ್ತದೆ, ನಿಧಾನವಾಗಿ, ಒಂದೇ ದಿಕ್ಕಿನಲ್ಲಿ ಸರಿಸಿದರೆ ಇರಬಾರದ ಕಡೆ ಒಂದು ಕಾಳು ತಡೆಯುತ್ತದೆ. ಅದು ಹಳೆಯ ಮಚ್ಚೆಯೋ, ಗಾಯದ ಹಕ್ಕಳೆಯೋ, ಉಣ್ಣೆಯೋ ಎಂಬ ಅನುಮಾನ ಬಂದರೆ ಮೊಬೈಲಿನ ಟಾರ್ಚನ್ನು ನೇರವಾಗಿ ಹಿಡಿಯದೆ ಪಕ್ಕದಿಂದ ಹಿಡಿಯಬೇಕು. ಉಣ್ಣೆಗೆ ನೆರಳು ಬೀಳುತ್ತದೆ, ಸ್ವಲ್ಪ ತಳ್ಳಿದರೆ ಬುಡದಲ್ಲಿ ಅಂಟಿಕೊಂಡೇ ವಾಲುತ್ತದೆ. ಬೆನ್ನು ಮತ್ತು ನೆತ್ತಿಯನ್ನು ತಾನೇ ನೋಡಿಕೊಳ್ಳುವುದು ಆಗದ ಮಾತು, ಅದಕ್ಕೆ ಮನೆಯ ಇನ್ನೊಬ್ಬರ ಕಣ್ಣು ಬೇಕು. ಸಂಕೋಚದಿಂದ ಈ ಹಂತವನ್ನು ಬಿಡುವವರೇ ಹೆಚ್ಚು. ಮಕ್ಕಳ ತಲೆಗೆ ಹೇನು ತೆಗೆಯುವ ಸೀರಣಿಗೆಯನ್ನು ಮೆಲ್ಲಗೆ ಆಡಿಸಿದರೆ ಅಲೆಯುತ್ತಿರುವುದು ಬರುತ್ತದೆ, ಹಲ್ಲಿಗೆ ತಡೆದು ನಿಂತರೆ ಎಳೆಯದೆ ಆ ಜಾಗವನ್ನು ಬಿಡಿಸಿ ನೋಡಬೇಕು.

ನಮ್ಮ ಕಡೆಯವರ ಮೈಗೆಂದೇ ಸೇರಿಸಿಕೊಳ್ಳಬೇಕಾದ ಇನ್ನೊಂದು ಪಟ್ಟಿಯಿದೆ, ಅದು ಹೊರನಾಡಿನ ಕೈಪಿಡಿಗಳಲ್ಲಿ ಸಿಗುವುದಿಲ್ಲ. ಉಡಿದಾರ, ಕೊರಳಿನ ಶಿವದಾರ, ತಾಳಿಸರ, ತೋಳಿನ ತಾಯಿತ, ಕಾಲುಂಗುರ, ಸೀರೆಯೊಳಗಿನ ಲಂಗದ ಲಾಡಿ ಕೂತ ಗೆರೆ ಇವುಗಳ ಅಡಿಯೆಲ್ಲ ಉಣ್ಣೆಗೆ ಹೇಳಿ ಮಾಡಿಸಿದ ಮರೆ. ಹಿಂದೊಮ್ಮೆ ಡಿಸೆಂಬರಿನಲ್ಲಿ ಜೋಗಿಮಟ್ಟಿಗೆ ಹೋಗಿ ಬಂದ ಸಂಜೆ ನಾನು ಬಿಸಿನೀರಿನ ಸ್ನಾನ ಮಾಡಿ, ಕಾಲು, ಕಂಕುಳು, ಕತ್ತು ಎಲ್ಲ ತಡವಿಕೊಂಡು, ಏನೂ ಇಲ್ಲವೆಂದು ಮಲಗಿದ್ದೆ. ಮರುದಿನ ಬೆಳಿಗ್ಗೆ ಉಡಿದಾರದ ಗಂಟಿನ ಕೆಳಗೆ ತುರಿಕೆಯಿಲ್ಲದ ಒಂದು ಕಂದು ಚುಕ್ಕೆ ಕೈಗೆ ತಗುಲಿತು. ಹಿಂದಿನ ಸಂಜೆಯೂ ಬೆರಳು ಅದರ ಮೇಲೆ ಹಾದಿರಲೇಬೇಕು, ಗಂಟಿನ ಸಿಕ್ಕೆಂದು ಬಿಟ್ಟಿದ್ದೆ. ಅಂದಿನಿಂದ ದಾರವನ್ನು ಎತ್ತಿ ನೋಡುತ್ತೇನೆ. ಎರಡನೆಯ ದಿನ ಬೆಳಿಗ್ಗೆ ಮತ್ತೊಮ್ಮೆ ಹುಡುಕುವುದನ್ನು ನಾನು ತಪ್ಪಿಸುವುದಿಲ್ಲ, ಏಕೆಂದರೆ ಆ ಹೊತ್ತಿಗೆ ಅದು ಸ್ವಲ್ಪವಾದರೂ ಊದಿರುತ್ತದೆ.

ಸಿಕ್ಕಿದ ಮೇಲೆ ತೆಗೆಯುವುದು ಒಂದು ನಿಮಿಷದ ಕೆಲಸ, ಆದರೆ ಕೆಡಿಸಿಕೊಳ್ಳುವವರೇ ಹೆಚ್ಚು. ಚೂಪು ತುದಿಯ ಚಿಮಟದಿಂದ ಉಣ್ಣೆಯ ಹೊಟ್ಟೆಯನ್ನು ಹಿಡಿಯದೆ, ಚರ್ಮಕ್ಕೆ ಅಂಟಿದಂತೆ ಅದರ ಮೂತಿಯ ಬುಡವನ್ನು ಹಿಡಿದು, ತಿರುಚದೆ, ಜಗ್ಗದೆ, ಒಂದೇ ಸಮನಾದ ಬಲದಿಂದ ಮೇಲಕ್ಕೆ ಎತ್ತಬೇಕು. ಚರ್ಮ ಸ್ವಲ್ಪ ಎದ್ದು ಬಂದು, ಆಮೇಲೆ ಅದು ಬಿಡುತ್ತದೆ. ಸೀಮೆಎಣ್ಣೆ ಹಚ್ಚುವುದು, ಬೀಡಿಯ ತುದಿ ತಾಗಿಸುವುದು, ಸುಣ್ಣ, ಹೊಗೆಸೊಪ್ಪಿನ ರಸ, ಉಗುರು ಬಣ್ಣ ಬಳಿಯುವುದು ಇವು ಯಾವುವೂ ಬೇಡ. ಉಸಿರುಗಟ್ಟಿ ತಾನೇ ಬಿಟ್ಟು ಬರಲಿ ಎಂಬುದು ಅವುಗಳ ಹಿಂದಿನ ಎಣಿಕೆ. ಉಣ್ಣೆ ಉಸಿರಾಡುವುದು ಬಹಳ ನಿಧಾನ, ಅಷ್ಟು ಹೊತ್ತೂ ಅದು ಕಚ್ಚಿಕೊಂಡೇ ಇರುತ್ತದೆ, ಕೆರಳಿದಾಗ ಜೊಲ್ಲನ್ನೂ ಹೊಟ್ಟೆಯಲ್ಲಿರುವುದನ್ನೂ ಗಾಯದೊಳಗೆ ಬಿಡಬಹುದು. ಸೀಮೆಎಣ್ಣೆಯ ಜಾಗ ಕುರಿಗಾಹಿಯ ಡಬ್ಬಿಯಲ್ಲಿ, ಕಿತ್ತ ಮೇಲೆ. ಮೂತಿಯ ಚೂರು ಒಳಗೆ ಉಳಿದರೆ ಸೂಜಿ ಹಾಕಿ ಕೆದಕುವುದು ಬೇಡ, ಚರ್ಮವೇ ಅದನ್ನು ಹೊರಹಾಕುತ್ತದೆ. ಗಾಯವನ್ನೂ ಕೈಯನ್ನೂ ಸೋಪಿನಿಂದ ತೊಳೆದು ಸ್ಪಿರಿಟ್ ಹಚ್ಚಿದರೆ ಸಾಕು. ಕಿತ್ತ ಉಣ್ಣೆಯನ್ನು ಉಗುರಿನಿಂದ ಚಿಟಿಕ್ಕನೆ ಒಡೆಯುವುದು ನಮ್ಮಲ್ಲಿ ಬಹಳ ಮಂದಿಗೆ ಅಭ್ಯಾಸ, ಅದರೊಳಗಿನ ರಕ್ತ ಬೆರಳಿನ ಸಣ್ಣ ಗೀರಿಗೆ ತಾಗಿದರೂ ಸೋಂಕಿಗೆ ದಾರಿಯಾಗಬಹುದು. ಕಚ್ಚಿದ ಜಾಗದಲ್ಲಿ ಕಡಲೆಕಾಳಿನಷ್ಟು ಗಂಟಾಗಿ ಕೆಲವು ದಿನ ತುರಿಸುವುದು ಸಾಮಾನ್ಯ, ಅದೊಂದನ್ನೇ ಕಂಡು ಹೆದರಬೇಕಾಗಿಲ್ಲ.

ಅಂತರ್ಜಾಲದಲ್ಲಿ ಓದಿದವರು ಇಲ್ಲಿ ಒಂದು ಪ್ರಶ್ನೆ ಎತ್ತುತ್ತಾರೆ. ಉಣ್ಣೆಯನ್ನು 24 ಗಂಟೆಯೊಳಗೆ ಕಿತ್ತರೆ ರೋಗ ಬರುವುದಿಲ್ಲವಂತಲ್ಲ, ಇಷ್ಟು ಅವಸರವೇಕೆ? ಆ ಲೆಕ್ಕ ಅಮೆರಿಕ ಮತ್ತು ಯುರೋಪಿನಲ್ಲಿ ಹೆಚ್ಚಾಗಿರುವ ಲೈಮ್ ಕಾಯಿಲೆಯದು. ಅದರ ಬ್ಯಾಕ್ಟೀರಿಯಾ ಉಣ್ಣೆಯ ಕರುಳಿನಲ್ಲಿದ್ದು, ರಕ್ತ ಒಳಗೆ ಬಂದ ಮೇಲೆ ಎಚ್ಚೆತ್ತು, ಜೊಲ್ಲಿನ ಗ್ರಂಥಿಗೆ ತಲುಪಲು ಒಂದು ದಿನಕ್ಕಿಂತ ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ. ವೈರಸ್‌ಗಳ ಲೆಕ್ಕ ಹಾಗಿಲ್ಲ. ಮಂಗನ ಕಾಯಿಲೆಯ ವೈರಸ್ ಫ್ಲೇವಿವೈರಸ್ ಎಂಬ ಗುಂಪಿಗೆ ಸೇರಿದ್ದು. ಅದೇ ಗುಂಪಿನ, ಉಣ್ಣೆಯಿಂದಲೇ ಹರಡುವ ಪೊವಾಸ್ಸನ್ ಎಂಬ ವೈರಸ್ ಕಚ್ಚಿದ 15 ನಿಮಿಷಗಳಲ್ಲೇ ದಾಟಬಲ್ಲದೆಂದು ಇಲಿಗಳ ಮೇಲಿನ ಪ್ರಯೋಗದಲ್ಲಿ ಕಂಡುಬಂದಿದೆ. ಆದ್ದರಿಂದ ನಮ್ಮ ಕಾಡುಗಳಿಗೆ ಹೋಗಿ ಬಂದವರು ನಾಳೆ ಬೆಳಿಗ್ಗೆಯವರೆಗೆ ಸಮಯವಿದೆ ಎಂದು ಎಣಿಸಬಾರದು. ಕಚ್ಚಿದ್ದನ್ನು ಬೇಗ ಕೀಳುವುದಕ್ಕಿಂತ ಕಚ್ಚುವ ಮೊದಲೇ ಅಲೆಯುತ್ತಿರುವುದನ್ನು ಹಿಡಿಯುವುದು ಹೆಚ್ಚಿನದು. ರಸ್ತೆಬದಿಯ ಮೊದಲ ಸುತ್ತನ್ನು ನಾನು ಅಷ್ಟು ಒತ್ತಿ ಹೇಳಿದ್ದು ಇದಕ್ಕಾಗಿ.

ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಶಿವಮೊಗ್ಗ ಜಿಲ್ಲೆ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಂಗಗಳು ಸಾಲುಸಾಲಾಗಿ ಸತ್ತದ್ದರಿಂದ ಜನ ಇಟ್ಟ ಹೆಸರು ಉಳಿದುಕೊಂಡಿತು. ಆಮೇಲೆ ಉತ್ತರ ಕನ್ನಡ, ಉಡುಪಿ, ಚಿಕ್ಕಮಗಳೂರು, 2012ರಿಂದ ಈಚೆಗೆ ಚಾಮರಾಜನಗರ, ಕೇರಳದ ವಯನಾಡು, ಗೋವಾ, ಮಹಾರಾಷ್ಟ್ರದ ಸಿಂಧುದುರ್ಗದವರೆಗೆ ಅದು ಕಾಣಿಸಿಕೊಂಡಿದೆ. ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ತಾಲ್ಲೂಕುಗಳು ಶಿವಮೊಗ್ಗ ಜಿಲ್ಲೆಗೆ ಅಂಟಿಕೊಂಡೇ ಇವೆ, ದಾವಣಗೆರೆಯಿಂದ ಬೆಳಿಗ್ಗೆ ಹೊರಟವರು ಸಾಗರದ ಕಾಡು ನೋಡಿ ರಾತ್ರಿ ಊಟಕ್ಕೆ ಮನೆಗೆ ಮರಳಬಹುದು. ಬಯಲುಸೀಮೆಯವರಿಗೆ ಇರುವ ತೊಡಕು ಇಲ್ಲೇ ಇದೆ. ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಚಳಿಗಾಲದಲ್ಲಿ ಜ್ವರ ಬಂದವರನ್ನು ಕಂಡರೆ ವೈದ್ಯರೇ ಕಾಡಿಗೆ ಹೋಗಿದ್ದಿರಾ ಎಂದು ಕೇಳುತ್ತಾರೆ. ನಮ್ಮ ಊರುಗಳಲ್ಲಿ ಅದೇ ಜ್ವರ ಡೆಂಗಿಯಂತೆ ಕಾಣುತ್ತದೆ: ಇದ್ದಕ್ಕಿದ್ದಂತೆ ಏರುವ ಜ್ವರ, ಹಣೆಯ ಕಡೆ ತೀವ್ರವಾದ ತಲೆನೋವು, ಮೈಕೈ ನೋವು, ಕೆಂಪಗಾದ ಕಣ್ಣು, ವಾಂತಿ, ರಕ್ತ ಪರೀಕ್ಷೆಯಲ್ಲಿ ಇಳಿದ ಪ್ಲೇಟ್‌ಲೆಟ್. ರೋಗಿ ತಾನಾಗಿ ಹೇಳದಿದ್ದರೆ ವೈದ್ಯರಿಗೆ ಕಾಡಿನ ವಿಷಯ ತಿಳಿಯುವ ದಾರಿಯೇ ಇಲ್ಲ.

ಅದಕ್ಕಾಗಿ ಮೈ ಹುಡುಕಿ ಮುಗಿದ ಮೇಲೆ ಉಳಿಯುವ ಇನ್ನೊಂದು ಕೆಲಸವೆಂದರೆ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಾಂಕಕ್ಕೆ ಸುತ್ತು ಹಾಕಿ, ಯಾವ ಕಾಡು, ಉಣ್ಣೆ ಸಿಕ್ಕಿತೋ ಇಲ್ಲವೋ, ಸಿಕ್ಕಿದ್ದರೆ ಮೈಯ ಯಾವ ಭಾಗದಲ್ಲಿ ಎಂದು ಬರೆದಿಡುವುದು. ಉಣ್ಣೆ ಸಿಗದಿದ್ದರೂ ಬರೆಯಬೇಕು, ಏಕೆಂದರೆ ರಾಗಿ ಕಾಳಿನಷ್ಟು ಚಿಕ್ಕದು ಉಂಡು ಉದುರಿಹೋಗಿರಬಹುದು. ಮಂಗನ ಕಾಯಿಲೆಯ ಜ್ವರ ಸಾಮಾನ್ಯವಾಗಿ ಕಚ್ಚಿದ 3ರಿಂದ 8 ದಿನಗಳಲ್ಲಿ ಬರುತ್ತದೆ. ಬಹುಪಾಲು ಮಂದಿ ಚೇತರಿಸಿಕೊಳ್ಳುತ್ತಾರೆ. 100 ರೋಗಿಗಳಲ್ಲಿ 3ರಿಂದ 5 ಮಂದಿ ಸಾಯುತ್ತಾರೆ. ಕೆಲವರಲ್ಲಿ ಜ್ವರ ಬಿಟ್ಟು ಒಂದೆರಡು ವಾರದ ಮೇಲೆ ಮತ್ತೆ ಬಂದು, ತಲೆನೋವು, ನಡುಕ, ಮಂಪರು ಕಾಣಿಸುವುದುಂಟು. ವೈರಸ್ಸನ್ನು ಕೊಲ್ಲುವ ನಿರ್ದಿಷ್ಟ ಔಷಧವಿಲ್ಲ, ಹಿಂದೆ ಕೊಡುತ್ತಿದ್ದ ಲಸಿಕೆಯನ್ನು ಪರಿಣಾಮ ಸಾಲದೆಂದು ನಿಲ್ಲಿಸಲಾಗಿದೆ, ಆದರೆ ಬೇಗ ಆಸ್ಪತ್ರೆ ಸೇರಿದರೆ ನೀರಿನಂಶ, ರಕ್ತಸ್ರಾವಗಳನ್ನು ನೋಡಿಕೊಂಡು ಉಳಿಸಬಹುದು. ಮೊದಲ ದಿನಗಳಲ್ಲಿ ಆರ್‌ಟಿ-ಪಿಸಿಆರ್ ಪರೀಕ್ಷೆ ಇದನ್ನು ಗುರುತಿಸುತ್ತದೆ, ಶಿವಮೊಗ್ಗದಲ್ಲಿ ಅದಕ್ಕೆ ಸರ್ಕಾರಿ ವೈರಸ್ ಪತ್ತೆ ಪ್ರಯೋಗಾಲಯವಿದೆ. ಜ್ವರ ಬಂದಾಗ ಪ್ಯಾರಸಿಟಮಾಲ್ ಬಿಟ್ಟು ಆಸ್ಪಿರಿನ್‌ನಂಥ ನೋವಿನ ಮಾತ್ರೆಗಳನ್ನು ತಾವಾಗಿ ನುಂಗಬಾರದು, ಅವು ರಕ್ತಸ್ರಾವವನ್ನು ಹೆಚ್ಚಿಸುತ್ತವೆ.

ಕ್ಯಾಲೆಂಡರಿನ ಲೆಕ್ಕ ಎಂಟು ದಿನಕ್ಕೆ ಮುಗಿಯುವುದಿಲ್ಲ. ಉಣ್ಣೆಯಿಂದ ಬರುವ ಟೈಫಸ್ ಜ್ವರ ಮತ್ತು ಪೊದೆಗಳ ಬುಡದಲ್ಲಿರುವ ನುಸಿಯ ಮರಿ ಕಚ್ಚುವುದರಿಂದ ಬರುವ ಸ್ಕ್ರಬ್ ಟೈಫಸ್ ಇವೆರಡೂ ಇವೆ, ಎರಡನೆಯದು ಮೂರು ವಾರದವರೆಗೂ ಸಮಯ ತೆಗೆದುಕೊಳ್ಳಬಹುದು. ಆ ನುಸಿ ಕಣ್ಣಿಗೆ ಕಾಣುವುದೇ ಇಲ್ಲ, ಹುಡುಕಿ ಪ್ರಯೋಜನವಿಲ್ಲ. ಆದರೆ ಅದು ಕಚ್ಚಿದ ಕಡೆ ಬೀಡಿಯಿಂದ ಸುಟ್ಟಂಥ, ನೋವಿಲ್ಲದ, ಸುತ್ತ ಕೆಂಪಂಚಿನ ಒಂದು ಕರಿ ಹಕ್ಕಳೆ ಅನೇಕರಲ್ಲಿ ಉಳಿಯುತ್ತದೆ, ಅದು ಸಿಗುವುದೂ ಕಂಕುಳು, ತೊಡೆಸಂದು, ಸ್ತನದ ಕೆಳಗೆ, ಸೊಂಟದ ಗೆರೆಯಲ್ಲಿ. ಹಾಗಾಗಿ ಜ್ವರ ಬಂದ ದಿನ ಇಡೀ ಮೈಯನ್ನು ಮೊದಲಿನ ಕ್ರಮದಲ್ಲೇ ಮತ್ತೊಮ್ಮೆ ನೋಡಿ, ಆ ಹಕ್ಕಳೆ ಕಂಡರೆ ಸಂಕೋಚ ಪಡದೆ ವೈದ್ಯರಿಗೆ ತೋರಿಸಬೇಕು. ಈ ಎರಡು ಜ್ವರಗಳಿಗೆ ಡಾಕ್ಸಿಸೈಕ್ಲಿನ್ ಎಂಬ ಅಗ್ಗದ ಮಾತ್ರೆ ಚೆನ್ನಾಗಿ ಕೆಲಸ ಮಾಡುತ್ತದೆ, ಗುರುತಿಸಲು ತಡವಾದರೆ ಮಾತ್ರ ಜೀವಕ್ಕೆ ಅಪಾಯ.

ಕಾಡಿನಲ್ಲಿ ಸತ್ತ ಮಂಗ ಕಂಡರೆ ಹತ್ತಿರ ಹೋಗಿ ಫೋಟೋ ತೆಗೆಯುವ ಆಸೆಯನ್ನು ಬಿಡಬೇಕು. ಮೈ ತಣ್ಣಗಾದೊಡನೆ ಅದರ ಮೇಲಿನ ಉಣ್ಣೆಗಳು ಇಳಿದು ಸುತ್ತಲಿನ ನೆಲದಲ್ಲಿ ಹರಡಿಕೊಳ್ಳುತ್ತವೆ. ಬಂದ ದಾರಿಯಲ್ಲೇ ಹಿಂದಿರುಗಿ ಅರಣ್ಯ ಇಲಾಖೆಗೋ ಹತ್ತಿರದ ಆರೋಗ್ಯ ಕೇಂದ್ರಕ್ಕೋ ತಿಳಿಸಬೇಕು. ಮಲೆನಾಡಿನಲ್ಲಿ ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆಯಾಗಲಿ, ಅಂಗಡಿಯಲ್ಲಿ ಸಿಗುವ ಡೀಟ್ ಇರುವ ಮುಲಾಮಾಗಲಿ ಹೊರಡುವ ಮೊದಲು ಕೈಕಾಲಿಗೆ ಹಚ್ಚಿಕೊಂಡರೆ ಹತ್ತುವ ಉಣ್ಣೆಗಳು ಕಡಿಮೆಯಾಗುತ್ತವೆ, ಹುಡುಕುವ ಕೆಲಸ ತಪ್ಪುವುದಿಲ್ಲ. ಜೊತೆಗೆ ಬಂದ ನಾಯಿಯ ಕಿವಿ, ಕುತ್ತಿಗೆಪಟ್ಟಿಯ ಅಡಿ, ಪಂಜದ ಸಂದಿಗಳನ್ನು ಅದು ಮನೆಯೊಳಗೆ ಕಾಲಿಡುವ ಮೊದಲೇ ನೋಡಬೇಕು. ನಾಯಿಯ ಕಂದು ಉಣ್ಣೆ ಒಮ್ಮೆ ಒಳಗೆ ಬಂದರೆ ಗೋಡೆಯ ಬಿರುಕಿನಲ್ಲೇ ಮೊಟ್ಟೆಯಿಟ್ಟು ಸಂಸಾರ ಹೂಡುತ್ತದೆ.

ಆ ಕುರಿಗಾಹಿಯ ಹಟ್ಟಿಗೆ ಮುಂದಿನ ಸಲ ಹೋದಾಗ ಅವರ ಮೊಮ್ಮಗಳು ತಾತನ ಬೆನ್ನನ್ನು ಟಾರ್ಚು ಹಿಡಿದು ನೋಡುತ್ತಿದ್ದಳು. ಅವಳ ಕೈಯಲ್ಲಿ ಅದೇ ಚಿಮಟವಿತ್ತು, ಪಕ್ಕದಲ್ಲಿ ಅದೇ ಡಬ್ಬಿ.